ಉಬುಂಟುವಿನಲ್ಲಿ ಒಳಗಿನ ಮೋಡೆಮ್ ಕಾಣಿಸದಿದ್ದರೆ

ವಿಂಡೋಸ್‌ನಲ್ಲಿ ಡಯಲ್ ಆಗುತ್ತಿದ್ದ ಮೋಡೆಮ್ (ಫೋನ್ ಲೈನಿನಲ್ಲಿ ಇಂಟರ್ನೆಟ್ ಕೊಡುವ ಕಾರ್ಡು) ಉಬುಂಟು ಲಿನಕ್ಸ್ ಹಾಕಿದ ಮೇಲೆ ಕಾಣಿಸುತ್ತಲೇ ಇಲ್ಲ, ಕಾರ್ಡು ಕೆಟ್ಟಿದೆಯಾ ಅಂತ ಸೋಮವಾರಪೇಟೆಯಿಂದ ಕೇಳಿದ್ದೀರಿ. ಸುಮ್ನೆ ಎಸೆಯಬೇಡಿ. ಅದು ಬಹುಶಃ ವಿನ್‌ಮೋಡೆಮ್. ಅದರ ಜಾಸ್ತಿ ಕೆಲಸ ಮಾಡುವುದು ಕಾರ್ಡಲ್ಲ, ಪ್ರೊಸೆಸರ್ ಮೇಲೆ ಓಡುವ ಡ್ರೈವರ್ ಅನ್ನುವ ಸಾಫ್ಟ್‌ವೇರ್. ಆ ಡ್ರೈವರನ್ನು ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಬರೆದಿರುತ್ತಾರೆ.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci, ಒಳಗಿನ ಕಾರ್ಡುಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ಚಿಪ್ ಯಾವುದು ನೋಡಿ. ಡಬ್ಬದ ಮೇಲಿನ ಹೆಸರು ಲೆಕ್ಕಕ್ಕಿಲ್ಲ. ಸ್ಮಾರ್ಟ್‌ಲಿಂಕ್ ಆದರೆ ಎಸ್‌ಎಲ್‌ಮೋಡೆಮ್‌ಡಿ (slmodemd) ಡ್ರೈವರ್ ಹಾಕಿ. ಲೂಸೆಂಟ್‌ನ ಮಾರ್ಸ್ ಚಿಪ್ ಆದರೆ ಮಾರ್ಷಿಯನ್ ಡ್ರೈವರ್. ಕೊನೆಕ್ಸೆಂಟ್‌ಗೆ ಲಿನಕ್ಸೆಂಟ್ (Linuxant) ಕಂಪನಿಯವರ ಡ್ರೈವರ್ ಇದೆ, ಆದರೆ ಪುಕ್ಕಟೆಯದು 14.4 ಕೆಬಿಪಿಎಸ್ ವೇಗ ದಾಟುವುದಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದರೆ ಡ್ರೈವರನ್ನು ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ, ಇದನ್ನು ಮರೆಯಬೇಡಿ.

ವಿರಾಜಪೇಟೆಯ ನಮ್ಮ ಮನೆಯಲ್ಲಿ ಡ್ರೈವರ್ ಕೂತ ಮೇಲೂ 'ನೋ ಡಯಲ್‌ಟೋನ್' ಅಂತಲೇ ಬರುತ್ತಿತ್ತು. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಕೇಳುತ್ತಿತ್ತು! ಡಯಲ್ ಮಾಡಿಸುವ ಪ್ರೋಗ್ರಾಂ ಡಬ್ಲ್ಯುವಿಡಯಲ್‌ನ (wvdial) ಸೆಟ್ಟಿಂಗ್ ಫೈಲಿನಲ್ಲಿ ಡಯಲ್ ಕಮಾಂಡ್ ಸಾಲಿನಲ್ಲಿ ಎಟಿಎಕ್ಸ್3ಡಿಟಿ (ATX3DT) ಅಂತ ಬರೆದೆ. ಅದು ಟೋನ್‌ಗೆ ಕಾಯದೆ ಡಯಲ್ ಮಾಡಿಸುತ್ತದೆ. ಆ ಕಿರ್ರ್ ಸದ್ದು ಕೇಳಿದಾಗ ಆದ ಖುಷಿ ಇನ್ನೂ ನೆನಪಿದೆ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಸೀರಿಯಲ್ ಪೋರ್ಟಿನ ಹೊರಗಿನ ಮೋಡೆಮ್ ತನ್ನಿ, ಅದಕ್ಕೆ ಬೇರೆ ಡ್ರೈವರ್ ಬೇಡ. ಮತ್ತೆ, ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ) ಗುಡುಗು ಶುರುವಾದ ಕೂಡಲೇ ಫೋನ್ ವೈರ್ ಕಿತ್ತಿಡಿ. ನನ್ನ ಮೊದಲ ಕಾರ್ಡು ಸಿಡಿಲಿಗೇ ಸುಟ್ಟಿದ್ದು. ಎಲ್‌ಎಸ್‌ಪಿಸಿಐಯಲ್ಲಿ ಬಂದ ಮೋಡೆಮ್ ಸಾಲನ್ನು ಇಲ್ಲಿ ಹಾಕಿ, ನೋಡೋಣ.