ಏಳನೇ ಸೀಟಿನಲ್ಲಿ ಅವ್ವ ಕೂರಬಾರದೇ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮೂರು ಗಂಗಾವತಿ. ಮನೆಯವರದು ಬೀಜ-ಗೊಬ್ಬರದ ಅಂಗಡಿ. ಎರಡನೇ ಬೆಳೆ ಭತ್ತ ಕೊಯ್ಲಾಗಿ, ರೈತರ ಬಾಕಿ ವಸೂಲಾದ ಮೇಲೆ, ಮೇ ತಿಂಗಳ ನಡುವೆ ಐದು ದಿನ ಕಾರಿನಲ್ಲಿ ಪ್ರವಾಸ ಹೋಗೋಣ ಅಂದಿದ್ದಾರೆ. ಭಜನೆ ಹಾಡುವ ನಮ್ಮ ಮಾವನಿಗೆ ಮೈಸೂರು ನೋಡುವ ಆಸೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳಿಗೂ ಹತ್ತು ವರ್ಷದ ಮಗನಿಗೂ ಸಮುದ್ರ ಬೇಕು. ಎರಡನ್ನೂ ಸೇರಿಸಿ ಮನೆಯವರು ಮೈಸೂರು, ಮಂಗಳೂರು, ಉಡುಪಿ, ಮುರ್ಡೇಶ್ವರ, ಗೋಕರ್ಣ ಅಂತ ಪಟ್ಟಿ ಬರೆದಿದ್ದಾರೆ. ಅತ್ತೆಗೆ ಮೊಣಕಾಲು ನೋವು. ಕಾರು ಏಳು ಸೀಟಿನದು, ನಾವು ಆರು ಮಂದಿ. ಉಳಿದ ಸೀಟಿಗೆ ನಾದಿನಿಯ ಮಗನನ್ನು ಕರೆದೊಯ್ಯೋಣ ಅಂತ ಅತ್ತೆ ಅರ್ಧ ಮಾತು ಕೊಟ್ಟಿದ್ದಾರೆ. ನನ್ನ ಮನಸ್ಸಿನಲ್ಲಿರುವುದು ನಮ್ಮವ್ವ. ಅಪ್ಪ ತೀರಿಕೊಂಡ ಮೇಲೆ ಸಿಂಧನೂರು ಕಡೆ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಭತ್ತದ ನಾಟಿಗೆ ಹೋಗಿ ನಮ್ಮನ್ನು ಓದಿಸಿದವಳು. ಆಕೆ ಕಂಡ ದೊಡ್ಡ ನೀರು ಅಂದರೆ ತುಂಗಭದ್ರಾ ಡ್ಯಾಮು. ನಮ್ಮ ಮದುವೆಯಲ್ಲಿ ಸೀರೆ ಕೊಡುವ ವಿಚಾರಕ್ಕೆ ಅತ್ತೆಗೂ ಅವ್ವನಿಗೂ ಮಾತು ಬಂದಿತ್ತು, ಈಗಲೂ ಎದುರಾದರೆ ಕುಶಲ ಕೇಳುವುದಷ್ಟೇ. ಹೊಲಿಗೆಯಲ್ಲಿ ಕೂಡಿಟ್ಟ ದುಡ್ಡು ನನ್ನ ಹತ್ತಿರ ಇದೆ. ಅವ್ವನ ಖರ್ಚು ನಾನೇ ಕೊಡುತ್ತೇನೆ ಅಂತ ಹೇಳಿ ಕೇಳಲೇ? ಅಥವಾ ಸುಮ್ಮನಿರಲೇ?

ಉತ್ತರ: ಕೇಳಿ, ತಂಗಿ. ಈ ವಾರವೇ ಕೇಳಿ. ರೂಮು ಬುಕ್ ಆಗುವುದಕ್ಕೂ ಮೊದಲು ಕೇಳಿ.

ನಿಮ್ಮ ಪತ್ರದಲ್ಲಿ ಮೊದಲು ಅಂಗಡಿ ಬಂತು. ಆಮೇಲೆ ಮಾವ, ಮಕ್ಕಳು, ಅತ್ತೆಯ ಮೊಣಕಾಲು, ನಾದಿನಿಯ ಮಗ. ಇಷ್ಟು ಜನರದ್ದು ಬರೆದಾದ ಮೇಲೆ ಕಡೆಗೆ ಅವ್ವ ಬಂದರು. ಮನೆಯಲ್ಲೂ ನೀವು ಹೀಗೇ ಮಾಡುತ್ತಿರಬೇಕು ಅನ್ನಿಸಿ ನನಗೆ ಸಂಕಟವಾಯಿತು. ಎಲ್ಲರದೂ ಮುಗಿಯಲಿ, ಆಮೇಲೆ ನನ್ನದು ಅಂತ ಕಾಯುತ್ತ ಕೂತರೆ ಅಷ್ಟೊತ್ತಿಗೆ ಸೀಟು ತುಂಬಿರುತ್ತದೆ. ನೋಡುವ ಊರುಗಳನ್ನು ಹೊರಡುವ ಹಿಂದಿನ ದಿನವೂ ಬದಲಾಯಿಸಬಹುದು. ಬರುತ್ತೇನೆಂದು ಬಟ್ಟೆ ಜೋಡಿಸಿಕೊಂಡ ಹುಡುಗನನ್ನು ಬೇಡ ಅನ್ನಲಿಕ್ಕೆ ಆಗುವುದಿಲ್ಲ. ಅದಕ್ಕೇ, ಯಾರು ಯಾರು ಹೋಗುವುದು ಅನ್ನುವುದು ಮೊದಲು ಇತ್ಯರ್ಥವಾಗಲಿ.

ಕೇಳಬೇಕಾದದ್ದು ಮನೆಯವರನ್ನು, ಅವರೊಬ್ಬರೇ ಇದ್ದಾಗ. ಮಗಳ ಬಾಯಿಂದ ಹೇಳಿಸಬೇಡಿ, ಅತ್ತೆಯ ಎದುರಿಗೆ ಮಾತು ತೆಗೆಯಬೇಡಿ. ತಾಯಿ ಮುಂದೆ ಕೂತಿದ್ದಾಗ ಹೆಂಡತಿಯ ತಾಯಿಯ ಮಾತು ಬಂದರೆ ಎಂಥ ಒಳ್ಳೆಯ ಗಂಡನೂ ‘ನೋಡೂಣು ತಗೋ’ ಅಂದು ಎದ್ದು ಹೋಗುತ್ತಾನೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ರಾತ್ರಿ ಅಂಗಡಿ ಮುಚ್ಚಿ, ಉದ್ರಿ ಲೆಕ್ಕ ಮುಗಿದು, ಊಟವಾದ ಮೇಲೆ ಇಷ್ಟು ಹೇಳಿ: ‘ನೋಡ್ರಿ, ಕಾರಿನಾಗ ಒಂದು ಸೀಟ್ ಖಾಲಿ ಐತಿ. ನಮ್ಮವ್ವ ಇನ್ನೂ ಸಮುದ್ರ ನೋಡಿಲ್ಲ. ಆಕೀನ್ನ ಕರ್ಕೊಂಡು ಹೋಗೂಣು ಅಂತ ನನಗ ಭಾಳ ಆಸೆ ಐತಿ.’ ಹೇಳಿ ಸುಮ್ಮನಾಗಿ. ‘ನಿಮಗ ಬ್ಯಾಡಾದ್ರ ಬಿಡ್ರಿ’ ಅಂತ ಮಾತ್ರ ಬಾಲ ಸೇರಿಸಬೇಡಿ. ನಮ್ಮ ಹೆಣ್ಣುಮಕ್ಕಳು ಆಸೆಯನ್ನು ಹೇಳಿ ಮುಗಿಸುವ ಮೊದಲೇ ಅದನ್ನು ವಾಪಸು ತೆಗೆದುಕೊಳ್ಳುತ್ತಾರೆ. ಕೇಳಿಸಿಕೊಂಡವರು ಅದು ಅಷ್ಟೇನೂ ದೊಡ್ಡ ಆಸೆಯಲ್ಲ ಅಂದುಕೊಂಡರೆ ತಪ್ಪು ಅವರದಲ್ಲ.

ದುಡ್ಡಿನ ಮಾತನ್ನು ಅವತ್ತು ಎತ್ತಲೇಬೇಡಿ. ಖರ್ಚು ನಾನೇ ಕೊಡುತ್ತೇನೆ ಅಂತ ಶುರು ಮಾಡಿದರೆ ನಿಮ್ಮವ್ವ ಆ ಕಾರಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತವರಾಗಿಬಿಡುತ್ತಾರೆ. ಅವರು ನಿಮ್ಮ ಮಕ್ಕಳ ಅಜ್ಜಿ, ನಿಮ್ಮ ಮನೆಯವರಿಗೆ ಅತ್ತೆ. ಹೊಲಿಗೆಯ ದುಡ್ಡನ್ನು ಆಮೇಲೆ ಎಲ್ಲರಿಗೂ ಸೇರಿ ಖರ್ಚು ಮಾಡಿ. ಒಂದು ರಾತ್ರಿಯ ರೂಮಿನ ಬಾಡಿಗೆ ನೀವು ಕೊಟ್ಟರೆ ಯಾರಿಗೂ ಮುಜುಗರವಿಲ್ಲ.

ಇನ್ನು ಮನೆಯವರು ಬರೆದ ಪಟ್ಟಿ. ಸಿಟ್ಟಾಗಬಾರದು, ಅದು ಐದು ದಿನದ ಪಟ್ಟಿಯೇ ಅಲ್ಲ. ಗಂಗಾವತಿಯಿಂದ ಮೈಸೂರಿಗೇ 400 ಕಿ.ಮೀ.ಗೂ ಹೆಚ್ಚು. ಅಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಸುಮಾರು 250, ಕರಾವಳಿ ಹಿಡಿದು ಗೋಕರ್ಣಕ್ಕೆ 200ರ ಮೇಲೆ, ಮತ್ತೆ ಊರಿಗೆ 300. ಸಾವಿರ ಕಿ.ಮೀ. ಸುಲಭವಾಗಿ ದಾಟುತ್ತದೆ, ಅಷ್ಟಕ್ಕೂ ಸ್ಟಿಯರಿಂಗ್ ಹಿಡಿಯುವವರು ಅವರೊಬ್ಬರೇ. ಅತ್ತೆಯ ಮೊಣಕಾಲು ದಿನಕ್ಕೆ ಆರೇಳು ಗಂಟೆ ಮಡಚಿಕೊಂಡೇ ಇರಬೇಕು. ಮಕ್ಕಳಿಗೆ ಸಮುದ್ರ ಸಿಗುವುದು ನಾಲ್ಕನೇ ದಿನ.

ಮೈಸೂರನ್ನು ಈ ಸಲ ಬಿಡಿ. ಬಿಡುವುದು ಅಂದರೆ ಮಾವನ ಆಸೆಯನ್ನು ಮೂಲೆಗೆ ತಳ್ಳುವುದಲ್ಲ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದ ಮೇಲೇ ಹಾಯುತ್ತದೆ. ಹತ್ತಿ ಮಲಗಿದರೆ ಮೊಣಕಾಲಿಗೂ ಆರಾಮ. ದಸರಾ ರಜೆಗೆ ಅತ್ತೆ-ಮಾವ, ಜೊತೆಗೆ ನಾದಿನಿಯ ಮಗ ಅಂತ ಈಗಲೇ ಹೇಳಿ, ಟಿಕೆಟ್ ಬುಕಿಂಗ್ ಶುರುವಾದ ದಿನವೇ ತೆಗೆಸಿ. ಆ ಹುಡುಗನಿಗೂ ಅತ್ತೆ ಕೊಟ್ಟ ಅರ್ಧ ಮಾತು ಪೂರ್ತಿಯಾಗುತ್ತದೆ. ಅವನಿಗೆ ಇನ್ನೂ ಬೇಕಾದಷ್ಟು ಬೇಸಿಗೆಗಳಿವೆ. ನಾಟಿಯಲ್ಲಿ ಸೊಂಟ ಸವೆಸಿದ ನಿಮ್ಮವ್ವನಿಗೆ ಕಾಲು ಗಟ್ಟಿ ಇರುವಾಗಲೇ ಹೋಗಬೇಕು. ಈ ಮಾತನ್ನು ಅತ್ತೆಗೆ ಬಿಡಿಸಿ ಹೇಳಿದರೆ ಅರ್ಥವಾಗದೇ ಇರುವುದಿಲ್ಲ, ಮೊಣಕಾಲು ನೋವು ಏನೆಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಈ ಸಲ ನಗರವೂ ಬೇಕು, ಕಡಲೂ ಬೇಕು ಅಂದರೆ ನಮ್ಮ ಸೀಮೆಯವರಿಗೆ ನೇರ ದಾರಿಯೇ ಇದೆ: ಕೊಪ್ಪಳ, ಗದಗ, ಹುಬ್ಬಳ್ಳಿ-ಧಾರವಾಡ, ಯಲ್ಲಾಪುರ, ಅಂಕೋಲಾ, ಗೋಕರ್ಣ. ಮಾವ ಭಜನೆ ಹಾಡುತ್ತಾರೆ ಅಂತ ಬರೆದಿದ್ದೀರಿ. ಹಾಡುವವರಿಗೆ ಈ ದಾರಿಗಿಂತ ದೊಡ್ಡದು ಯಾವುದಿದೆ! ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೂ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಮಾವ ಅಲ್ಲಿ ಒಂದು ಗಂಟೆ ಕೂರಲಿ, ಯಾರೂ ಅವಸರ ಮಾಡಬೇಡಿ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ ಇದೆ, ಅದು ಈಗ ಸ್ಮಾರಕ. ಅವರು ವಚನಗಳನ್ನು ರಾಗಕ್ಕೆ ಕೂಡಿಸಿ ಹಾಡಿದ್ದನ್ನು ದಾರಿಯಲ್ಲಿ ಕಾರಿನಲ್ಲೇ ಹಾಕಿ, ಮನೆ ನೋಡುವಾಗ ಮಾವನ ಮುಖ ನೋಡಿ. ಅದೇ ಊರಿನ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ. ಮುಂದೆ ಯಾವ ಕಾಲೇಜು ಅಂತ ಯೋಚಿಸುತ್ತಿರುವ ನಿಮ್ಮ ಮಗಳಿಗೆ ಧಾರವಾಡದಲ್ಲಿ ಒಂದು ದಿನ ಓಡಾಡಿಸುವುದು ಯಾವ ಅರಮನೆಗಿಂತಲೂ ಉಪಯೋಗದ್ದು. ಮಗನಿಗೆ ಹುಬ್ಬಳ್ಳಿ ಸ್ಟೇಷನ್ ಇದೆ. ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಲೋಕದಲ್ಲೇ ಎಲ್ಲಕ್ಕಿಂತ ಉದ್ದದ್ದು. ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ ಅಂದರೆ ಬೇಡ ಅನ್ನಬೇಡಿ. ಸಿದ್ಧಾರೂಢ ಮಠ ಇಬ್ಬರು ಅಜ್ಜಿಯರಿಗೂ ಸೇರಿದ್ದು, ಅದರ ಬಗ್ಗೆ ನಾನೇನು ಹೇಳಬೇಕಾಗಿಲ್ಲ.

ಲಕ್ಕುಂಡಿ ಗದಗಕ್ಕೆ ಮುಂಚೆ ಹೆದ್ದಾರಿಗೆ ಹತ್ತಿಕೊಂಡೇ ಸಿಗುತ್ತದೆ. ಆದರೆ ಮೇ ತಿಂಗಳಲ್ಲಿ ಒಂಬತ್ತು ಗಂಟೆ ದಾಟಿದರೆ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲು ಇಡಲಿಕ್ಕಾಗುವುದಿಲ್ಲ. ನಸುಕಿನಲ್ಲಿ ಮನೆ ಬಿಡುವ ಶಕ್ತಿ ಇದ್ದರೆ ನಿಲ್ಲಿಸಿ, ಇಲ್ಲವಾದರೆ ಮುಂದೆ ಸಾಗಿ. ಮಾಗೋಡು ಜಲಪಾತಕ್ಕೆ ತಿರುಗಬೇಡಿ, ಬೇಸಿಗೆಯಲ್ಲಿ ಅಲ್ಲಿ ನೀರು ತೀರ ಕಡಿಮೆ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ, ತಿರುವುಗಳಲ್ಲಿ ಲಾರಿಗಳ ಸಾಲು. ಅದನ್ನು ಹಗಲಲ್ಲೇ ಇಳಿಯಿರಿ. ಮಗನ ಹೊಟ್ಟೆ ತೊಳಸಿದರೆ ಅವನನ್ನು ಹಿಂದಿನ ಸಾಲಿನಿಂದ ನಡುವಿನ ಸಾಲಿಗೆ ಕರೆದುಕೊಳ್ಳಿ.

ಗೋಕರ್ಣದಲ್ಲಿ ಎರಡು ರಾತ್ರಿ ಇರಿ. ಮಹಾಬಲೇಶ್ವರನ ಗುಡಿಯ ಹತ್ತಿರವೇ ಊರ ಕಡಲತೀರ, ಸಮತಟ್ಟು ದಾರಿ. ಓಂ ಬೀಚು, ಕುಡ್ಲೆ ಬೀಚು ಚೆಂದ ನಿಜ, ಎರಡಕ್ಕೂ ಮೆಟ್ಟಿಲು ಇಳಿಯಬೇಕು, ಅತ್ತೆಯನ್ನು ಅಲ್ಲಿಗೆ ಎಳೆಯಬೇಡಿ. ಒಂದು ದಿನ ಕಾರವಾರಕ್ಕೆ ಹೋಗಿ ಬನ್ನಿ. ದಂಡೆಯ ಮೇಲೆ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನೇ ಮ್ಯೂಸಿಯಂ ಮಾಡಿದ್ದಾರೆ, ಮಗ ಅಲ್ಲಿಂದ ಬರಲಿಕ್ಕೇ ಒಪ್ಪುವುದಿಲ್ಲ. ಪಕ್ಕದ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರು ಹರೆಯದಲ್ಲಿ ಬಂದು ಇಲ್ಲಿ ಉಳಿದಿದ್ದರು, ಒಂದು ನಾಟಕವನ್ನೂ ಬರೆದರು. ಬರುವಾಗ ಅಂಕೋಲಾದಲ್ಲಿ ಕರಿ ಇಶಾಡ ಮಾವು ಸಿಕ್ಕರೆ ಒಂದು ಬುಟ್ಟಿ ತನ್ನಿ. ಮುರ್ಡೇಶ್ವರ ಮುಂದಿನ ಸಲಕ್ಕಿರಲಿ.

ಒಂದು ಮಾತನ್ನು ಮನೆಯವರಿಗೆ ಖಡಾಖಂಡಿತವಾಗಿ ಹೇಳಿ. ಕಾಲುವೆಯಲ್ಲಿ, ಬಾವಿಯಲ್ಲಿ ಈಜು ಕಲಿತ ನಮ್ಮ ಕಡೆಯ ಗಂಡಸರಿಗೆ ಸಮುದ್ರವೂ ಅಷ್ಟೇ ಅನ್ನುವ ಧೈರ್ಯ. ಕಡಲಿನಲ್ಲಿ ಅಲೆ ಒಡೆಯದೆ, ನೋಡಲಿಕ್ಕೆ ಶಾಂತವಾಗಿ ಕಾಣುವ ಪಟ್ಟಿಯೇ ಅಪಾಯದ್ದು. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದಲೇ ರಭಸದಲ್ಲಿ ಒಳಕ್ಕೆ ಹೋಗುತ್ತದೆ. ಅದಕ್ಕೆ ಸಿಕ್ಕವರು ದಡದ ಕಡೆ ಎದುರೀಜಿ ಸೋತು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲೆಯಿಂದ ಪ್ರವಾಸ ಬಂದ ನಾಲ್ವರು ಬಾಲಕಿಯರು ಸಮುದ್ರಪಾಲಾದರು, ಅದನ್ನು ಓದಿದ ಮೇಲೆ ಈ ವಿಷಯದಲ್ಲಿ ನಾನು ಸಂಕೋಚ ಇಟ್ಟುಕೊಳ್ಳುವುದಿಲ್ಲ. ಮಕ್ಕಳು ಮೊಣಕಾಲು ನೀರಿಗಿಂತ ಮುಂದೆ ಹೋಗಬಾರದು, ಲೈಫ್‌ಗಾರ್ಡ್ ಸೀಟಿ ಊದಿದರೆ ಯಾರೇ ಆಗಲಿ ಹೊರಗೆ ಬರಬೇಕು. ಜೂನ್ ಹತ್ತಿರವಾದಂತೆ ಕಡಲು ಒರಟಾಗುತ್ತದೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಹಾಗಾಗಿ ಮೇ ಕಡೇ ವಾರಕ್ಕೆ ದೂಡಬೇಡಿ.

ಅವ್ವ ಸೀರೆಯಲ್ಲೇ ನೀರಿಗಿಳಿಯುತ್ತಾರೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಸಣ್ಣ ಅಲೆಯೂ ಕೆಡವುತ್ತದೆ, ಅದಕ್ಕೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಾಟಿಗೆ ಇಳಿಯುವಾಗ ಅವರೇ ಮಾಡುತ್ತಿದ್ದ ಹಾಗೆ. ಅಲೆ ಹಿಂದಕ್ಕೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರುತ್ತದೆ, ಮೊದಲ ಸಲ ನಿಂತವರಿಗೆ ನೆಲವೇ ಹೊರಟುಹೋದ ಹಾಗಾಗಿ ತಲೆ ಸುತ್ತುತ್ತದೆ. ಮಗಳು ಒಂದು ಕೈ, ನೀವು ಒಂದು ಕೈ ಹಿಡಿದುಕೊಳ್ಳಿ, ಕೆಳಗೆ ನೋಡಬೇಡ, ದೂರ ನೋಡವ್ವ ಅನ್ನಿ. ಅತ್ತೆಗೂ ಹಾಗೆಯೇ ಮಾಡಿ. ನಮ್ಮ ಕಡೆಯದು ಒಣ ಬಿಸಿಲು, ಅಲ್ಲಿ ಮೈ ಅಂಟಂಟು. ವಯಸ್ಸಾದವರಿಗೆ ಬೆವರಿ ಬೆವರಿ ಸುಸ್ತಾಗುತ್ತದೆ. ಬೆಳಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಮಾತ್ರ ದಂಡೆಗೆ ಹೋಗಿ. ಮಜ್ಜಿಗೆಗೆ ಉಪ್ಪು ಹಾಕಿ ಕೊಡುತ್ತಿರಿ. ಬಿ.ಪಿ. ಇದ್ದವರಿಗೆ ಮಾತ್ರ ಉಪ್ಪಿನ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ.

ಬೀಗತಿಯರ ವಿಷಯಕ್ಕೆ ಬರುತ್ತೇನೆ. ಮನೆಯವರು ಒಪ್ಪಿದರೂ ನಿಮ್ಮವ್ವ ಒಪ್ಪುವುದಿಲ್ಲ. ‘ಬೀಗರ ಜೋಡಿ ನಾನ್ಯಾಕವಾ’ ಅನ್ನುತ್ತಾರೆ. ಅದಕ್ಕೆ ಅತ್ತೆಯ ಕೈಯಿಂದಲೇ ಫೋನ್ ಮಾಡಿಸಿ. ‘ನೀವು ಒಂದು ಮಾತು ಕರೆದ್ರ ಆಕಿ ಬರ್ತಾಳ್ರಿ ಅತ್ತಿ’ ಅಂತ ಕೇಳಿಕೊಳ್ಳಿ. ಕರೆಯುವ ದೊಡ್ಡತನ ಅತ್ತೆಗೆ ಸಿಗುತ್ತದೆ, ಕರೆಸಿಕೊಂಡು ಬಂದ ಮರ್ಯಾದೆ ಅವ್ವನಿಗೆ. ಸೀರೆಯ ಹಳೇ ಮಾತನ್ನು ಯಾರೂ ತೆಗೆಯುವುದು ಬೇಡ. ಇಬ್ಬರನ್ನೂ ಒಂದೇ ರೂಮಿಗೆ ಹಾಕಿ ಸ್ನೇಹ ಮಾಡಿಸುವ ಉಮೇದಿಗೂ ಬೀಳಬೇಡಿ. ಅವ್ವ ಮೊಮ್ಮಗಳ ಜೊತೆ ಮಲಗಲಿ, ಅತ್ತೆ-ಮಾವ ತಮ್ಮ ರೂಮಿನಲ್ಲಿರಲಿ.

ಅವರಿಬ್ಬರೂ ಕೂಡುವ ಕೆಲಸ ಬುತ್ತಿ. ಕರಾವಳಿಯ ಕುಚಲಕ್ಕಿ ಅನ್ನ, ತೆಂಗಿನೆಣ್ಣೆ ಒಗ್ಗರಣೆ ಇಬ್ಬರಿಗೂ ಒಗ್ಗಲಿಕ್ಕಿಲ್ಲ. ಖಡಕ್ ರೊಟ್ಟಿ ಅತ್ತೆ ಮಾಡಿಸಲಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅವ್ವ ಊರಿಂದ ಕುಟ್ಟಿ ತರಲಿ. ನೀವು ಎಲ್ಲವನ್ನೂ ಒಬ್ಬರೇ ಮಾಡಲಿಕ್ಕೆ ಹೋಗಬೇಡಿ. ಪ್ರವಾಸ ನಿಮ್ಮದೂ ಹೌದು. ಮಧ್ಯಾಹ್ನದ ಊಟ ಖಾನಾವಳಿಯಲ್ಲಿ ಅಂತ ಮೊದಲೇ ಹೇಳಿಬಿಡಿ.

ಮನೆಯವರು ಬೇಡ ಅಂದುಬಿಟ್ಟರೆ? ಅಳಬೇಡಿ, ಪ್ರವಾಸ ತಪ್ಪಿಸಿಕೊಳ್ಳಬೇಡಿ, ಮಕ್ಕಳ ಮುಂದೆ ಮಾತು ಬೆಳೆಸಬೇಡಿ. ಯಾಕೆ ಬೇಡ ಅಂತ ಒಂದು ಸಲ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಮಳೆಗಾಲ ಕಳೆದು ದೀಪಾವಳಿಯೂ ಮುಗಿದ ಮೇಲೆ ಅವ್ವನನ್ನು ನೀವೇ ಕರೆದುಕೊಂಡು ಹೋಗಿ. ಶಕ್ತಿ ಯೋಜನೆ ಬಂದಾಗಿನಿಂದ, ಅಂದರೆ 2023ರ ಜೂನ್‌ನಿಂದ, ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗಂಗಾವತಿಯಿಂದ ಹುಬ್ಬಳ್ಳಿ, ಅಲ್ಲಿಂದ ಅಂಕೋಲಾ, ಅಲ್ಲಿಂದ ಗೋಕರ್ಣ. ಅವ್ವ, ನೀವು, ಮಗಳು, ಮೂವರೂ ಆಧಾರ್ ಕಾರ್ಡ್ ಇಟ್ಟುಕೊಂಡರೆ ಸಾಕು. ರೂಮಿಗೂ ಊಟಕ್ಕೂ ನಿಮ್ಮ ಹೊಲಿಗೆಯ ದುಡ್ಡಿದೆ. ಇದನ್ನು ಮನೆಯವರಿಗೆ ಹಟಕ್ಕೆ ಹೇಳಬೇಡಿ, ತಾರೀಖು ಗೊತ್ತಾದ ದಿನ ಹೋಗಿಬರುತ್ತೇವೆ ಅಂತ ಸಮಾಧಾನವಾಗಿ ತಿಳಿಸಿ. ಅವರೇ ಕಾರು ತೆಗೆದರೆ ಇನ್ನೂ ಒಳ್ಳೆಯದು.