ಮೊಣಕೈ ನೋಯುವ ಮೊದಲೇ

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘ನನ್ನ ಮಗನಿಗೆ ಈಗ ಹದಿನಾರು. ಇಲ್ಲಿನ ಫುಟ್‌ಬಾಲ್ ತಂಡ ಸ್ಟೀಲರ್ಸ್ ಅಂದ್ರೆ ಅವನಿಗೆ ಪ್ರಾಣ. ಬೆನ್ ರಾತ್ಲಿಸ್‌ಬರ್ಗರ್ ಆಟ ಬಿಟ್ಟ ಮೇಲೆ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ಅಲ್ಲಿ ನೆಲೆ ನಿಂತಿಲ್ಲ. ಬೆನ್ ಆಡುತ್ತಿರುವಾಗಲೇ ಮುಂದಿನವನನ್ನು ತರಬೇಕಿತ್ತು ಅನ್ನುತ್ತಾನೆ ಮಗ. ಎರಡು ಸೂಪರ್ ಬೌಲ್ ಗೆದ್ದುಕೊಟ್ಟವರು ಕಣ್ಣೆದುರೇ ಇರುವಾಗ ಅವರ ಜಾಗಕ್ಕೆ ಬೇರೆಯವರನ್ನು ಹುಡುಕುವುದು ಉಂಡ ಮನೆಗೆ ಎರಡು ಬಗೆದಂತೆ ಅನ್ನುತ್ತೇನೆ ನಾನು. ಯಾರ ಮಾತು ಸರಿ? ಹುಡುಕುವುದಾದರೆ ಯಾವಾಗ ಹುಡುಕಬೇಕು? ಇನ್ನೊಂದು ಪ್ರಶ್ನೆ: ಮಗನ ಹಳೆಯ 7ನೇ ನಂಬರಿನ ಜೆರ್ಸಿ ಬಿಗಿಯಾಗಿದೆ. ಹೊಸದನ್ನು ಯಾರ ಹೆಸರಿನಲ್ಲಿ ಕೊಡಿಸಲಿ?’

ನಮಸ್ಕಾರ. ನಿಮ್ಮ ಮಗನ ಮಾತೇ ಸರಿ. ಆದರೆ ನಿಮ್ಮ ಮಾತಿನಲ್ಲೂ ನ್ಯಾಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಆಟ ನೋಡದ ಓದುಗರಿಗೆ ಮೊದಲು ಎರಡು ಮಾತು. ಸೂಪರ್ ಬೌಲ್ ಅಂದರೆ ಲೀಗ್‌ನ ಫೈನಲ್ ಪಂದ್ಯ. ಅಮೆರಿಕದ ಫುಟ್‌ಬಾಲ್‌ನಲ್ಲಿ ತಂಡ ದಾಳಿಗೆ ಇಳಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ನೋಡಿ ಮುಗಿಸುವವರು ಅವರು. ಇಂಥವರು ಸಿಗುವುದು ಮುಖ್ಯವಾಗಿ ಡ್ರಾಫ್ಟ್‌ನಲ್ಲಿ. ಪ್ರತಿ ಏಪ್ರಿಲ್‌ನಲ್ಲಿ 32 ತಂಡಗಳು ಕಾಲೇಜಿನ ಹುಡುಗರನ್ನು ಸುತ್ತು ಸುತ್ತಾಗಿ, ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ.

ತೊಡಕು ಇರುವುದು ಇಲ್ಲಿಯೇ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದರೆ ತಂಡ ಗೆಲ್ಲುತ್ತದೆ. ಗೆದ್ದರೆ ಡ್ರಾಫ್ಟ್ ಸರದಿ ಹಿಂದಕ್ಕೆ ಹೋಗುತ್ತದೆ. ಸರದಿ ಹಿಂದೆ ಹೋದರೆ ಒಳ್ಳೆಯ ಹುಡುಗ ಕೈಗೆ ಸಿಗುವುದಿಲ್ಲ. ನಿಮ್ಮ ಸ್ಟೀಲರ್ಸ್ 2007ರಿಂದ 2024ರವರೆಗೆ ಮೈಕ್ ಟಾಮ್ಲಿನ್ ಕೋಚ್ ಆಗಿದ್ದ 18 ಸೀಸನ್‌ಗಳಲ್ಲಿ ಒಮ್ಮೆಯೂ ಗೆಲುವಿಗಿಂತ ಸೋಲು ಜಾಸ್ತಿ ಕಂಡಿಲ್ಲ. ಹೆಮ್ಮೆಪಡುವಂಥ ದಾಖಲೆ ಅದು. ಹೊಸ ಕ್ವಾರ್ಟರ್‌ಬ್ಯಾಕ್ ಸಿಗದೇ ಇರುವುದಕ್ಕೂ ಅದೇ ಕಾರಣ. ಬೆನ್ ಸಿಕ್ಕಿದ್ದಾದರೂ ಹೇಗೆ? 2003ರಲ್ಲಿ ತಂಡ 6 ಗೆದ್ದು 10 ಸೋತಿತ್ತು. ಆ ಕೆಟ್ಟ ವರ್ಷದಿಂದಾಗಿ 2004ರಲ್ಲಿ 11ನೇ ಸರದಿ ಬಂತು. ಎರಡನೇ ಪಂದ್ಯದಲ್ಲಿ ಹಿರಿಯ ಟಾಮಿ ಮ್ಯಾಡಕ್ಸ್ ಗಾಯಗೊಂಡರು, ಬೆನ್ ಒಳಗೆ ಬಂದರು. ಆ ವರ್ಷದ ಲೀಗ್ ಹಂತದಲ್ಲಿ ಅವರು ಮೊದಲಿನಿಂದ ಆಡಿದ 13 ಪಂದ್ಯಗಳನ್ನೂ ತಂಡ ಗೆದ್ದಿತು.

ಅದಕ್ಕೂ ಹಿಂದಿನ ಕಥೆಯನ್ನು ಮಗನಿಗೆ ನೀವೇ ಹೇಳಿ. 1983ರ ಏಪ್ರಿಲ್. ನಾಲ್ಕು ಸೂಪರ್ ಬೌಲ್ ಗೆದ್ದ ಸ್ಟೀಲರ್ಸ್ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಶಾ ಅವರಿಗೆ 34 ವರ್ಷ. ಹಿಂದಿನ ತಿಂಗಳಷ್ಟೇ ಎಸೆಯುವ ಕೈಯ ಮೊಣಕೈಗೆ ಆಪರೇಷನ್ ಆಗಿತ್ತು. ಡ್ರಾಫ್ಟ್‌ನಲ್ಲಿ ಸ್ಟೀಲರ್ಸ್ ಸರದಿ 21ನೆಯದು. ಪಿಟ್ಸ್‌ಬರ್ಗ್‌ನಲ್ಲೇ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯಕ್ಕೇ ಆಡಿದ್ದ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ ಆಗ ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ. ತಂಡ ಅವರನ್ನು ಬಿಟ್ಟು ರಕ್ಷಣೆಯ ಆಟಗಾರರೊಬ್ಬರನ್ನು ಆರಿಸಿತು. 27ನೇ ಸರದಿಯಲ್ಲಿ ಮಯಾಮಿ ತಂಡ ಮರೀನೊ ಅವರನ್ನು ಕರೆದುಕೊಂಡಿತು. ಬ್ರ್ಯಾಡ್‌ಶಾ ಆ ಸೀಸನ್‌ನಲ್ಲಿ ಆಡಿದ್ದು ಒಂದೇ ಪಂದ್ಯ. ಡಿಸೆಂಬರ್‌ನಲ್ಲಿ ಬಂದರು, ಎರಡು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದರು, ಮೊಣಕೈ ಮತ್ತೆ ಕೈಕೊಟ್ಟಿತು. ಅಲ್ಲಿಗೆ ಅವರ ಆಟ ಮುಗಿಯಿತು. 1984ರಲ್ಲಿ ಮರೀನೊ 48 ಟಚ್‌ಡೌನ್ ಎಸೆದರು. 1985ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಬಾಕಿ ಇರುವಾಗ ಸ್ಟೀಲರ್ಸ್ ಎದುರಿಗೆ ಬಂದಿದ್ದು ಅದೇ ಮರೀನೊ. ಮಯಾಮಿ 45, ಪಿಟ್ಸ್‌ಬರ್ಗ್ 28. ಅಲ್ಲಿಂದ ಬೆನ್ ಬರುವವರೆಗೆ ಸುಮಾರು ಇಪ್ಪತ್ತು ವರ್ಷ ಆ ಜಾಗಕ್ಕೆ ಹತ್ತಾರು ಜನ ಬಂದು ಹೋದರು. 1996ರ ಜನವರಿಯಲ್ಲಿ ಸೂಪರ್ ಬೌಲ್‌ವರೆಗೆ ಹೋಗಿದ್ದು ನಿಜ, ಆದರೆ ಸೋತರು.

ಇಷ್ಟು ಅನುಭವ ಇದ್ದ ಊರು 2018ರಲ್ಲಿ ಏನು ಮಾಡಿತು? ನನಗೆ ಬೇಸರವಾಗುವುದು ಇಲ್ಲಿ. ಆ ಏಪ್ರಿಲ್‌ಗೆ ಬೆನ್ ಅವರಿಗೆ 36. ಒಂದು ವರ್ಷ ಹಿಂದೆಯೇ ನಿವೃತ್ತಿಯ ಯೋಚನೆ ಇದೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ಒಪ್ಪಂದದಲ್ಲಿ ಉಳಿದಿದ್ದು ಎರಡು ಸೀಸನ್. 28ನೇ ಸರದಿಯಲ್ಲಿ ಸ್ಟೀಲರ್ಸ್ ಹಿಂದಿನ ಸಾಲಿನ ರಕ್ಷಣೆಗೆ ಟೆರೆಲ್ ಎಡ್ಮಂಡ್ಸ್ ಅವರನ್ನು ಆರಿಸಿತು. ನಾಲ್ಕು ಸರದಿ ಕಳೆದ ಮೇಲೆ, 32ರಲ್ಲಿ, ನಿಮ್ಮ ಎದುರಾಳಿ ಬಾಲ್ಟಿಮೋರ್ ರೇವನ್ಸ್ ಬೇರೆ ತಂಡದ ಸರದಿಯನ್ನು ಕೊಂಡುಕೊಂಡು ಲಮಾರ್ ಜಾಕ್ಸನ್ ಎಂಬ ಕ್ವಾರ್ಟರ್‌ಬ್ಯಾಕ್ ಅವರನ್ನು ತಂದಿತು. ಆ ತಂಡದ ಬಳಿ ಆಗಲೇ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊ ಇದ್ದರು, ವಯಸ್ಸು ಬರೀ 33. ಆದರೂ ತಂದರು.

ಆ ಸೀಸನ್‌ನಲ್ಲಿ ಬೆನ್ 5,129 ಗಜ ಎಸೆದು ಇಡೀ ಲೀಗ್‌ಗೆ ಮೊದಲಿಗರಾದರು. ಅತ್ತ ಫ್ಲ್ಯಾಕೊ ನವೆಂಬರ್‌ನಲ್ಲಿ ಸೊಂಟದ ಗಾಯಕ್ಕೆ ಕೂತರು. ಲಮಾರ್ ಆಡಿದ ಕೊನೆಯ ಏಳು ಪಂದ್ಯಗಳಲ್ಲಿ ಬಾಲ್ಟಿಮೋರ್ ಆರು ಗೆದ್ದು ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಸ್ಟೀಲರ್ಸ್‌ಗೆ ಪ್ಲೇಆಫ್ ಕೂಡ ಸಿಗಲಿಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ, ಎರಡನೇ ಪಂದ್ಯದಲ್ಲೇ, ಬೆನ್ ಅವರ ಮೊಣಕೈ ಹೋಯಿತು. ಬ್ರ್ಯಾಡ್‌ಶಾ ಅವರ ಹಾಗೆಯೇ, ಎಸೆಯುವ ಕೈ. ಆ ವರ್ಷ ಲಮಾರ್ ಲೀಗ್‌ನ ಅತ್ಯುತ್ತಮ ಆಟಗಾರ.

ಲಮಾರ್ ಇಷ್ಟು ದೊಡ್ಡ ಆಟಗಾರ ಆಗುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು ಎಂದು ನೀವು ಕೇಳಬಹುದು. ಗೊತ್ತಿರಲಿಲ್ಲ. ಗೊತ್ತಿದ್ದರೆ 32ರವರೆಗೆ ಉಳಿಯುತ್ತಲೇ ಇರಲಿಲ್ಲ. 2017ರಲ್ಲಿ ಸ್ಟೀಲರ್ಸ್ 30ನೇ ಸರದಿಯಲ್ಲಿ ರಕ್ಷಣೆಯ ಆಟಗಾರ ಟಿ.ಜೆ. ವಾಟ್ ಅವರನ್ನು ತಂದಿತು. ಅದನ್ನು ತಪ್ಪು ಅನ್ನುವವರು ಯಾರೂ ಇಲ್ಲ. ಹಾಗಾಗಿ ಇಂಥವನನ್ನೇ ತರಬೇಕಿತ್ತು ಎಂದು ನಾನು ದೂರುತ್ತಿಲ್ಲ. ಹುಡುಕಾಟಕ್ಕೆ 2018 ಸರಿಯಾದ ಗಡುವು ಆಗಿತ್ತು ಅನ್ನುತ್ತಿದ್ದೇನೆ. 2022ರಲ್ಲಿ ಬೆನ್ ಹೋದ ಮೇಲೆ ಮೊದಲ ಸುತ್ತಿನಲ್ಲಿ ಹುಡುಕಲು ಹೊರಟರು. ಆಗ 20ನೇ ಸರದಿಗೆ ಸಿಕ್ಕಿದ್ದು ಕೆನ್ನಿ ಪಿಕೆಟ್. ಎರಡೇ ಸೀಸನ್‌ಗೆ ಅವರನ್ನು ಕಳಿಸಿಕೊಟ್ಟರು. 2025ರಲ್ಲಿ 41 ವರ್ಷದ ಆರನ್ ರಾಡ್ಜರ್ಸ್ ಅವರನ್ನು ಕರೆತಂದರು. ಹಸಿವಾದ ಮೇಲೆ ಅಕ್ಕಿ ತರಲು ಅಂಗಡಿಗೆ ಹೋದರೆ ಸಿಕ್ಕಿದ್ದನ್ನೇ ಕೊಳ್ಳಬೇಕಾಗುತ್ತದೆ, ಅಲ್ವಾ?

ಹಾಗಾದರೆ ಯಾವಾಗ? ವಯಸ್ಸು ನೋಡಿ ಹೇಳುವುದು ಕಷ್ಟ. ಟಾಮ್ ಬ್ರೇಡಿ 43ರಲ್ಲೂ ಸೂಪರ್ ಬೌಲ್ ಗೆದ್ದರು. ನಾನು ಒಪ್ಪಂದ ನೋಡುತ್ತೇನೆ. ಹಿರಿಯರ ಒಪ್ಪಂದದಲ್ಲಿ ಎರಡು ವರ್ಷ ಉಳಿದಿರುವಾಗ ಹುಡುಗ ಬರಬೇಕು. ಅದಕ್ಕಿಂತ ಮೊದಲೂ ಬೇಡ. ಕಾರಣ ದುಡ್ಡು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದಿಂದ ಹೊಸಬರ ಸಂಬಳ ಡ್ರಾಫ್ಟ್ ಸರದಿಯಂತೆ ನಿಗದಿಯಾಗುತ್ತದೆ. ಮೊದಲ ಸುತ್ತಿನವರಿಗೆ ನಾಲ್ಕು ವರ್ಷ, ತಂಡ ಬಯಸಿದರೆ ಐದನೆಯದು. ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಇಂದು ವರ್ಷಕ್ಕೆ 5ರಿಂದ 6 ಕೋಟಿ ಡಾಲರ್ ಪಡೆಯುತ್ತಾರೆ. 2025ರಲ್ಲಿ ಇಡೀ ತಂಡದ ಸಂಬಳದ ಮಿತಿ 27.92 ಕೋಟಿ ಡಾಲರ್. ಹುಡುಗನ ಅಗ್ಗದ ವರ್ಷಗಳಲ್ಲಿ ಉಳಿದ ಹಣದಿಂದ ಸುತ್ತಲಿನ ತಂಡ ಕಟ್ಟಬಹುದು. ಗ್ರೀನ್ ಬೇ ತಂಡ ಜೋರ್ಡನ್ ಲವ್ ಅವರಿಗೆ ಮಾಡಿದಂತೆ ಮೂರು ವರ್ಷ ಬೆಂಚಿನ ಮೇಲೆ ಕೂರಿಸಿದರೆ ಆ ಲಾಭ ಕರಗುತ್ತದೆ. ಕ್ಯಾನ್ಸಸ್ ಸಿಟಿ 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ತಂದು ಒಂದೇ ಸೀಸನ್ ಕೂರಿಸಿತು. ಆ ಲೆಕ್ಕ ನನಗೆ ಹಿಡಿಸುತ್ತದೆ.

ಈಗ ನಿಮ್ಮ ಮಾತಿಗೆ. 2018ರಲ್ಲಿ ಸ್ಟೀಲರ್ಸ್ ಮೂರನೇ ಸುತ್ತಿನಲ್ಲಿ ಮೇಸನ್ ರುಡಾಲ್ಫ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಾಗ ಬೆನ್ ಬೇಸರಪಟ್ಟರು, ರೇಡಿಯೋದಲ್ಲೇ ಹೇಳಿಕೊಂಡರು. 2020ರಲ್ಲಿ ಗ್ರೀನ್ ಬೇ ತಂಡ ಮೊದಲೇ ತಿಳಿಸದೆ ಜೋರ್ಡನ್ ಲವ್ ಅವರನ್ನು ಆರಿಸಿದಾಗ, ಆಗ ಅಲ್ಲಿ ಆಡುತ್ತಿದ್ದ ರಾಡ್ಜರ್ಸ್ ಅವರಿಗೂ ನೋವಾಯಿತು. ಹದಿನೈದು ವರ್ಷ ಮೈಮುರಿದುಕೊಂಡು ಆಡಿದವರಿಗೆ ಟಿವಿ ನೋಡಿ ಗೊತ್ತಾಗಬಾರದು. ಡ್ರಾಫ್ಟ್‌ನ ಸಂಜೆಗೆ ಮೊದಲೇ ಕೋಚ್ ಆ ಹಿರಿಯ ಆಟಗಾರರ ಮನೆಗೆ ಹೋಗಿ ಕೂತು ಹೇಳಬೇಕು: ಈ ವರ್ಷ ಒಬ್ಬ ಹುಡುಗನನ್ನು ತರುತ್ತೇವೆ, ಇಷ್ಟು ವರ್ಷ ಜಾಗ ನಿಮ್ಮದೇ. ಕ್ಯಾನ್ಸಸ್ ಸಿಟಿಯ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ 2017ರಲ್ಲಿ ಮಹೋಮ್ಸ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತಮ್ಮ ಅತ್ಯುತ್ತಮ ಸೀಸನ್‌ಗಳಲ್ಲಿ ಒಂದನ್ನು ಆಡಿದರು. ಅವರಿಂದ ಕಲಿತದ್ದನ್ನು ಮಹೋಮ್ಸ್ ಇಂದಿಗೂ ನೆನೆಯುತ್ತಾರೆ. ಹುಡುಕುವುದರಲ್ಲಿ ದ್ರೋಹವಿಲ್ಲ. ಮುಚ್ಚಿಟ್ಟು ಹುಡುಕುವುದರಲ್ಲಿದೆ.

ಜೆರ್ಸಿಯ ವಿಷಯ. ಹೊಸ ಕ್ವಾರ್ಟರ್‌ಬ್ಯಾಕ್ ಹೆಸರಿನದನ್ನು ಈಗಲೇ ಕೊಡಿಸಬೇಡಿ. ವಾಟ್ ಅವರ 90ನೇ ನಂಬರಿನದು ಕೊಡಿಸಿ. ಹಳೆಯ 7ನ್ನು ತೊಳೆದು ಮಡಿಚಿ ಎತ್ತಿಡಿ.

— ಸಂಪಾದಕ