ಮೊಡವೆಗೆ ವಿಟಮಿನ್ ಮಾತ್ರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 22 ವರ್ಷ. ಜಿಮ್ಮಿನ ಗೆಳೆಯರ ಮಾತು ಕೇಳಿ ಬಿ5 ವಿಟಮಿನ್‌ನ 500 ಮಿ.ಗ್ರಾಂ ಮಾತ್ರೆ ಆನ್‌ಲೈನಿನಲ್ಲಿ ತರಿಸಿದ್ದೇನೆ. ದಿನಕ್ಕೆ 10 ಗ್ರಾಂ ತೆಗೆದುಕೊಂಡರೆ ಮುಖದ ಜಿಡ್ಡು ನಿಂತು ಮೊಡವೆ ಹೋಗುತ್ತದಂತೆ. ಶುರು ಮಾಡಲೇ?
– ಹೆಸರು ಬೇಡ, ವಿಜಯನಗರ

ಉತ್ತರ: ಬೇಡ. 10 ಗ್ರಾಂ ಎಂದರೆ 20 ಮಾತ್ರೆ. 60 ಮಾತ್ರೆಯ ಬಾಟಲಿ ಮೂರೇ ದಿನಕ್ಕೆ ಖಾಲಿ. ವಯಸ್ಕರಿಗೆ ದಿನಕ್ಕೆ ಬೇಕಿರುವ ಬಿ5 ಸುಮಾರು 5 ಮಿ.ಗ್ರಾಂ. ಕಾಳು, ಹಾಲು, ಮೊಟ್ಟೆ, ತರಕಾರಿ ತಿನ್ನುವವರಿಗೆ ಅಷ್ಟು ಊಟದಲ್ಲೇ ಸಿಕ್ಕಿಬಿಡುತ್ತದೆ. ನೀವು ನುಂಗಲು ಹೊರಟಿರುವುದು ಅದರ ಎರಡು ಸಾವಿರ ಪಟ್ಟು.

ಈ ಲೆಕ್ಕ ಹುಟ್ಟಿದ್ದು 1995ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಲೆಯುಂಗ್ ಎಂಬ ವೈದ್ಯರು 100 ಜನರಿಗೆ ದಿನಕ್ಕೆ 10 ಗ್ರಾಂ ಬಿ5 ಅನ್ನು ನಾಲ್ಕು ಹೊತ್ತಿಗೆ ಹಂಚಿ ಕೊಟ್ಟರು. ಕೊಬ್ಬು ಕರಗಲು ಮತ್ತು ಹಾರ್ಮೋನು ತಯಾರಾಗಲು ಎರಡಕ್ಕೂ ದೇಹದಲ್ಲಿನ ಕೋಎನ್‌ಜೈಮ್-ಎ ಎಂಬ ಸಹಾಯಕ ವಸ್ತು ಬೇಕು, ಅದು ತಯಾರಾಗಲು ಬಿ5 ಬೇಕು; ಹರೆಯದಲ್ಲಿ ಅದೆಲ್ಲ ಹಾರ್ಮೋನಿಗೇ ಖರ್ಚಾಗಿ, ಕರಗದೆ ಉಳಿದ ಕೊಬ್ಬು ಚರ್ಮದ ಜಿಡ್ಡಾಗುತ್ತದೆ ಎಂಬುದು ಅವರ ವಾದ. ಕೇಳಲು ಸೊಗಸಾಗಿದೆ. ಆದರೆ ಹೋಲಿಸಿ ನೋಡಲು ಮಾತ್ರೆ ನುಂಗದ ಗುಂಪು ಅಲ್ಲಿರಲಿಲ್ಲ. ಸಾಲದ್ದಕ್ಕೆ ಶೇ 20ರಷ್ಟು ಬಿ5 ಇದ್ದ ಮುಲಾಮನ್ನೂ ಹಚ್ಚಿಸಿದ್ದರು. ಮೊಡವೆ ತಾನಾಗಿಯೇ ಏರುವ, ಇಳಿಯುವ ಕಾಯಿಲೆ; ಹೋಲಿಕೆಯಿಲ್ಲದೆ ಯಾವುದರಿಂದ ಇಳಿಯಿತೆಂದು ಹೇಳಲಾಗದು. ಮುಂದೆ ಸುಮಾರು 2 ಗ್ರಾಂ ಡೋಸಿನಲ್ಲಿ, ಖಾಲಿ ಮಾತ್ರೆಯೊಂದಿಗೆ ಹೋಲಿಸಿ ನಡೆದ ಪ್ರಯೋಗದಲ್ಲಿ ಗುಳ್ಳೆ ಕಡಿಮೆಯಾದದ್ದು ನಿಜ. ಆದರೆ ಅದು ಕೆಲವೇ ಡಜನ್ ಜನರ, 12 ವಾರದ ಪರೀಕ್ಷೆ. ಗ್ರಾಂಗಟ್ಟಲೆ ನುಂಗಿದವರಿಗೆ ಮೊದಲು ಬರುವುದು ಭೇದಿ.

ನೀವು ವ್ಹೇ ಪ್ರೋಟೀನ್ ಪುಡಿ ಕುಡಿಯುತ್ತೀರಾ? ಪತ್ರದಲ್ಲಿ ಬರೆದಿಲ್ಲ. ಕುಡಿಯುತ್ತಿದ್ದರೆ ಎರಡು-ಮೂರು ತಿಂಗಳು ನಿಲ್ಲಿಸಿ ನೋಡಿ. ಕೆಲವರಲ್ಲಿ ಅದೇ ಮೊಡವೆ ಎಬ್ಬಿಸುತ್ತದೆ. ಜಿಮ್ಮಿನಲ್ಲಿ ಮೈಕಟ್ಟಿಗೆಂದು ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಕೆಲಸ ಮಾಡುವ ಔಷಧಿ ಬೇರೆ ಇದೆ. ರಾತ್ರಿ ಅಡಾಪಲೀನ್ 0.1% ಜೆಲ್: ಬಟಾಣಿ ಕಾಳಿನಷ್ಟು, ಗುಳ್ಳೆಯ ಮೇಲಷ್ಟೇ ಅಲ್ಲ, ಇಡೀ ಮುಖಕ್ಕೆ ತೆಳ್ಳಗೆ. ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%. ಇದು ಟವೆಲ್, ದಿಂಬಿನ ಬಣ್ಣ ತೆಗೆಯುತ್ತದೆ, ಬಿಳಿ ಬಟ್ಟೆ ಬಳಸಿ. ಆರಂಭದಲ್ಲಿ ಚರ್ಮ ಉರಿದು ಸಿಪ್ಪೆ ಏಳುವುದನ್ನು ಕಂಡು ಎಷ್ಟೋ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಫಲ ಕಾಣಲು 8ರಿಂದ 12 ವಾರ ಬೇಕು. ಚರ್ಮರೋಗ ತಜ್ಞರಿಗೆ ತೋರಿಸಿಯೇ ಶುರು ಮಾಡಿ. ಖಾಸಗಿ ಫೀಸು ಹೊರೆಯಾದರೆ ಬೆಂಗಳೂರಿನ ಸರ್ಕಾರಿ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ.

ಪ್ರಶ್ನೆ: 19 ವರ್ಷದ ಮಗಳಿಗೆ ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರ ಅಡ್ಡಪರಿಣಾಮ ಓದಿ ಹೆದರಿದ್ದೇನೆ. ಅದೂ ವಿಟಮಿನ್ ಎ ಜಾತಿಯದೇ ಅನ್ನುತ್ತಾರೆ. ಹಾಗಾದರೆ ಮೆಡಿಕಲ್ ಶಾಪಿನ 50,000 ಯೂನಿಟ್ ವಿಟಮಿನ್ ಎ ಕ್ಯಾಪ್ಸೂಲನ್ನೇ ದಿನಾ ಕೊಡಬಾರದೇಕೆ? ಅಂಗನವಾಡಿಯಲ್ಲಿ ಪುಟ್ಟ ಮಕ್ಕಳಿಗೇ 2 ಲಕ್ಷ ಯೂನಿಟ್ ಕುಡಿಸುತ್ತಾರಲ್ಲ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಅಂಗನವಾಡಿಯಲ್ಲಿ ಕುಡಿಸುವುದು ಆರು ತಿಂಗಳಿಗೊಮ್ಮೆ. ವಿಟಮಿನ್ ಎ ಯಕೃತ್ತಿನಲ್ಲಿ ಶೇಖರವಾಗಿ ನಿಧಾನವಾಗಿ ಖರ್ಚಾಗುತ್ತದೆ. 2 ಲಕ್ಷವನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,100 ಯೂನಿಟ್ ಅಷ್ಟೆ. ನಿಮ್ಮ ಮಗಳಿಗೆ ದಿನಾ 50,000 ಕೊಟ್ಟರೆ ನಾಲ್ಕೇ ದಿನದಲ್ಲಿ 2 ಲಕ್ಷ ತಲುಪಿ, ಐದನೆಯ ದಿನ ಮತ್ತೆ ಶುರು. ವಯಸ್ಕರು ದಿನನಿತ್ಯ ಮೀರಬಾರದ ಮಿತಿ 10,000 ಯೂನಿಟ್, ಅಂದರೆ 3,000 ಮೈಕ್ರೋಗ್ರಾಂ. ಡಬ್ಬಿಯ ಮೇಲೆ ಮೈಕ್ರೋಗ್ರಾಂ ಎಂದಿದ್ದರೆ ಒಂದು ಯೂನಿಟ್ಟಿಗೆ 0.3 ಮೈಕ್ರೋಗ್ರಾಂ ಎಂದು ಲೆಕ್ಕ ಹಾಕಿ.

ವಿಟಮಿನ್ ಎ ಮೊಡವೆಗೆ ಕೆಲಸ ಮಾಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. 1981ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ಸಂಗಡಿಗರು ಹೆಂಗಸರಿಗೆ ದಿನಕ್ಕೆ 3 ಲಕ್ಷ, ಗಂಡಸರಿಗೆ 4ರಿಂದ 5 ಲಕ್ಷ ಯೂನಿಟ್ ಕೊಟ್ಟು ಗುಣ ಕಂಡರು. ಅಂದರೆ ಅಪಾಯ ಶುರುವಾಗುವ ಮಟ್ಟವನ್ನು ಎಷ್ಟೋ ದಾಟಿದ ಮೇಲೆಯೇ ಮೊಡವೆ ಬಗ್ಗುವುದು. ನಿಮ್ಮ 50,000ದಲ್ಲಿ ವಿಷದ ಭಯ ಉಂಟು, ಗುಣದ ಭರವಸೆ ಇಲ್ಲ. ಮರುವರ್ಷ, 1982ರಲ್ಲಿ, ಐಸೊಟ್ರೆಟಿನಾಯಿನ್ ಅಲ್ಲಿನ ಮಾರುಕಟ್ಟೆಗೆ ಬಂತು. ಅದು ಯಕೃತ್ತಿನಲ್ಲಿ ಕೂಡಿ ಕೂರುವುದಿಲ್ಲ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.5ರಿಂದ 1 ಮಿ.ಗ್ರಾಂ ಎಂಬ ಲೆಕ್ಕವಿದೆ, ಎಷ್ಟು ತಿಂಗಳು, ಯಾವ ರಕ್ತಪರೀಕ್ಷೆ ಎಂಬುದೂ ಗೊತ್ತಿದೆ. ನೀವು ಹೆದರಿರುವ ಮಾತ್ರೆಗಿಂತ ನೀವು ಆರಿಸಹೊರಟದ್ದೇ ಹೆಚ್ಚು ಅಪಾಯದ್ದು.

ವಿಟಮಿನ್ ಎ ಹೆಚ್ಚಾದರೆ ತುಟಿ ಒಡೆಯುತ್ತದೆ, ಕೂದಲು ಉದುರುತ್ತದೆ, ಮೂಳೆ ನೋಯುತ್ತದೆ, ಯಕೃತ್ತು ಕೆಡುತ್ತದೆ. ತಲೆನೋವಿನ ಜೊತೆ ಕಣ್ಣು ಮಂಜಾದರೆ ತಲೆಬುರುಡೆಯೊಳಗೆ ಒತ್ತಡ ಏರಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯೂ ಇದೇ ಒತ್ತಡ ಏರಿಸಬಲ್ಲದು, ಆದ್ದರಿಂದ ಎರಡನ್ನೂ ಕೂಡಿಸಲೇಬಾರದು. ಬಸುರಿಯಾದರೆ ಹೆಚ್ಚು ಡೋಸಿನ ವಿಟಮಿನ್ ಎ, ಐಸೊಟ್ರೆಟಿನಾಯಿನ್ ಎರಡೂ ಭ್ರೂಣಕ್ಕೆ ಊನ ತರಬಲ್ಲವು. ಐಸೊಟ್ರೆಟಿನಾಯಿನ್‌ಗೆ ಒಂದು ತಿಂಗಳು ಮುಂಚಿನಿಂದ, ಬಿಟ್ಟ ಒಂದು ತಿಂಗಳವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳುವ ನಿಯಮವಿದೆ. ಮಗಳಿಗೆ ಮದುವೆಯಾಗಿಲ್ಲ ಎಂದು ಈ ಮಾತನ್ನು ಮನೆಯಲ್ಲಿ ಹಾರಿಸಬೇಡಿ. ವೈದ್ಯರೊಂದಿಗೆ ಅವಳೇ ಮಾತಾಡಲಿ.

ಐಸೊಟ್ರೆಟಿನಾಯಿನ್ ನಡೆಯುವಾಗ ವಿಟಮಿನ್ ಎ ಇರುವ ಮಲ್ಟಿವಿಟಮಿನ್, ಕಾಡ್ ಲಿವರ್ ಎಣ್ಣೆ ಬೇಡ. ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪು ಧಾರಾಳವಾಗಿ ತಿನ್ನಲಿ. ಅವುಗಳಲ್ಲಿರುವ ಬೀಟಾ ಕ್ಯಾರೊಟಿನ್‌ನಿಂದ ವಿಷವೇರುವುದಿಲ್ಲ, ಅತಿಯಾದರೆ ಅಂಗೈ ಹಳದಿಯಾದೀತು. ಮೊಡವೆ ಮಾತ್ರ ಅದರಿಂದ ಹೋಗದು.

ಪ್ರಶ್ನೆ: 38ನೇ ವಯಸ್ಸಿನಲ್ಲಿ ನನಗೆ ಇದ್ದಕ್ಕಿದ್ದಂತೆ ಮುಖ, ಬೆನ್ನಿನ ಮೇಲೆ ಗುಳ್ಳೆ. ಬಿ12 ಕೊರತೆಗೆ ಇಂಜೆಕ್ಷನ್ ನಡೆಯುತ್ತಿದೆ. ಸಂಬಂಧ ಇದೆಯೇ?
– ಸಸ್ಯಾಹಾರಿ ಓದುಗರು, ಮಲ್ಲೇಶ್ವರ

ಉತ್ತರ: ಇರಬಹುದು. ಎಲ್ಲ ಗುಳ್ಳೆ ಒಂದೇ ಅಳತೆಯವು, ಬ್ಲ್ಯಾಕ್‌ಹೆಡ್ ಇಲ್ಲ, ಇಂಜೆಕ್ಷನ್ ಶುರುವಾದ ಮೇಲೆಯೇ ಬಂದದ್ದು ಅಂದರೆ ಅನುಮಾನ ಗಟ್ಟಿ. ಚರ್ಮದ ಮೇಲಿನ ಮೊಡವೆ ಬ್ಯಾಕ್ಟೀರಿಯಾಗಳು ಬಿ12 ಹೆಚ್ಚಾದಾಗ ಉರಿಯೂತ ತರುವ ಪಾರ್ಫಿರಿನ್ ಎಂಬ ವಸ್ತುವನ್ನು ಹೆಚ್ಚು ತಯಾರಿಸುತ್ತವೆ ಎಂದು 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ ನೀವಾಗಿಯೇ ಇಂಜೆಕ್ಷನ್ ಬಿಡಬೇಡಿ. ಬಿ12 ಕೊರತೆ ನರಗಳಿಗೆ ಮಾಡುವ ಹಾನಿಯ ಮುಂದೆ ಗುಳ್ಳೆ ಏನೂ ಅಲ್ಲ. ಅಂತರ ಹೆಚ್ಚಿಸಬಹುದೇ, ಕಡಿಮೆ ಡೋಸಿನ ಮಾತ್ರೆ ಸಾಕೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಡೋಸು ಇಳಿದ ಕೆಲವು ವಾರಗಳಲ್ಲಿ ಗುಳ್ಳೆ ಅಡಗುತ್ತದೆ.

ಪ್ರಶ್ನೆ: ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಎಣ್ಣೆಯನ್ನು ಮೊಡವೆಗೆ ಹಚ್ಚಬಹುದೇ?
– ಕಾಲೇಜು ವಿದ್ಯಾರ್ಥಿನಿ, ಜಯನಗರ

ಉತ್ತರ: ಹಚ್ಚಬೇಡಿ. ಜಿಡ್ಡಿನ ಮುಖಕ್ಕೆ ಇನ್ನಷ್ಟು ಎಣ್ಣೆ; ಕೆಲವರಿಗೆ ಅಲರ್ಜಿಯಾಗಿ ಚರ್ಮ ಕೆಂಪೇರುತ್ತದೆ. ಕಲೆ ಮಾಯುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಪ್ರಶ್ನೆ: ಕೂದಲಿಗೆ, ಚರ್ಮಕ್ಕೆ ಒಳ್ಳೆಯದೆಂದು ಬಯೋಟಿನ್ ಎಂಬ ಬಿ ವಿಟಮಿನ್ 10 ಮಿ.ಗ್ರಾಂ ನುಂಗುತ್ತಿದ್ದೇನೆ. ಈಗ ಥೈರಾಯ್ಡ್ ವರದಿ ಏರುಪೇರಾಗಿದೆ.
– ಬನಶಂಕರಿ

ಉತ್ತರ: ಔಷಧಿ ಶುರು ಮಾಡುವ ಮುನ್ನ ಪರೀಕ್ಷೆ ಮತ್ತೊಮ್ಮೆ ಆಗಲಿ. ದಿನಕ್ಕೆ ಬೇಕಿರುವುದು 30–40 ಮೈಕ್ರೋಗ್ರಾಂ; ನೀವು ನುಂಗುತ್ತಿರುವುದು 10,000. ಹಲವು ಲ್ಯಾಬ್ ಪರೀಕ್ಷೆಗಳು ಬಯೋಟಿನ್ ಬಳಸಿಯೇ ನಡೆಯುವುದರಿಂದ ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್ ವರದಿಯಲ್ಲಿ ಟಿಎಸ್‌ಎಚ್ ಸುಳ್ಳೇ ಇಳಿದು, ಟಿ4 ಸುಳ್ಳೇ ಏರಿ ಕಾಣಬಹುದು. ಎದೆನೋವು ಬಂದಾಗ ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ ಸುಳ್ಳೇ ಕಡಿಮೆ ಬಂದೀತು, ಅದು ಪ್ರಾಣಕ್ಕೇ ಸಂಚಕಾರ. ಕನಿಷ್ಠ ಎರಡು-ಮೂರು ದಿನ ಬಯೋಟಿನ್ ನಿಲ್ಲಿಸಿ, ಲ್ಯಾಬಿನವರಿಗೆ ತಿಳಿಸಿ ರಕ್ತ ಕೊಡಿ.

ಪ್ರಶ್ನೆ: ಜಿಂಕ್ ಆದರೂ ತೆಗೆದುಕೊಳ್ಳಬಹುದೇ?
– ಯಲಹಂಕ

ಉತ್ತರ: ಈ ಸಾಲಿನಲ್ಲಿ ಉಳಿದವಕ್ಕಿಂತ ಸ್ವಲ್ಪ ಹೆಚ್ಚು ಆಧಾರವಿರುವುದು ಜಿಂಕ್‌ಗೆ. 2001ರ ಒಂದು ಪ್ರಯೋಗದಲ್ಲಿ ದಿನಕ್ಕೆ 30 ಮಿ.ಗ್ರಾಂ ಜಿಂಕ್ ಮೂರು ತಿಂಗಳು ಕೊಟ್ಟಾಗ ಶೇ 31ರಷ್ಟು ಜನರಲ್ಲಿ ಫಲ ಕಂಡಿತು. ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಪಡೆದವರಲ್ಲಿ ಶೇ 63. ಚೀಟಿ ಓದುವಾಗ ಎಚ್ಚರ: 220 ಮಿ.ಗ್ರಾಂ ಜಿಂಕ್ ಸಲ್ಫೇಟ್ ಎಂದರೆ ಸುಮಾರು 50 ಮಿ.ಗ್ರಾಂ ಜಿಂಕ್, ದಿನದ 40 ಮಿ.ಗ್ರಾಂ ಮಿತಿಗಿಂತ ಆಗಲೇ ಹೆಚ್ಚು. ತಿಂಗಳುಗಟ್ಟಲೆ ಹೀಗೆ ನುಂಗಿದರೆ ತಾಮ್ರದ ಅಂಶ ಕುಸಿದು ರಕ್ತಹೀನತೆ, ಕಾಲು ಜೋಮು ಬರಬಹುದು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರಬಹುದು, ಊಟದ ನಂತರ ತೆಗೆದುಕೊಳ್ಳಿ. ಡಾಕ್ಸಿಸೈಕ್ಲಿನ್ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ನಡುವೆ ಎರಡು-ಮೂರು ಗಂಟೆ ಬಿಡಿ, ಇಲ್ಲವಾದರೆ ಒಂದು ಇನ್ನೊಂದನ್ನು ಹೀರಲು ಬಿಡದು.